ಒಂದು ಡಾಲರಿನ ಸೇತುವೆ

ಕಚೇರಿಯ ಕೆಲಸದ ನಿಮಿತ್ತ ವರ್ಷಕ್ಕೆ ಎರಡು ಮೂರು ಬಾರಿಯಾದರೂ ಸಿಕಂದರಾಬಾದಿನಿಂದ ವಿಶಾಖಪಟ್ಟಣಕ್ಕೆ ಹೋಗಿಬರುವ ನಮಗೆ, ಗೋದಾವರಿಯನ್ನು ದಾಟುವ ಆ ಕೆಲವು ನಿಮಿಷಗಳು ಇಂದಿಗೂ ಹಳತಾಗಿಲ್ಲ. ಕೊವ್ವೂರು ಹಿಂದೆ ಸರಿಯುತ್ತಲೇ ಡಬ್ಬಿಯಲ್ಲಿ ಒಂದು ಬಗೆಯ ಸಂಚಲನ ಹುಟ್ಟುತ್ತದೆ. ಮಲಗಿದ್ದ ಹಿರಿಯರು ಎದ್ದು ಕೂರುತ್ತಾರೆ, ಸೆರಗಿನ ಗಂಟಿನಿಂದ ಒಂದು ನಾಣ್ಯ ಹೊರಬರುತ್ತದೆ, ಕಿಟಕಿಯ ಸರಳುಗಳ ನಡುವಿನಿಂದ ಅದು ನೀರಿನ ಕಡೆಗೆ ಹಾರುತ್ತದೆ. ಎಲ್ಲರ ಕಣ್ಣೂ ನದಿಯ ಮೇಲಿರುವಾಗ ನಮ್ಮ ಕಣ್ಣು ಹೋಗುವುದು ಪಕ್ಕದಲ್ಲಿ ಸುಮ್ಮನೆ ನಿಂತಿರುವ ಇನ್ನೊಂದು ಸೇತುವೆಯ ಮೇಲೆ. 1897ರ ನವೆಂಬರಿನಲ್ಲಿ ಕೆಲಸ ಆರಂಭವಾಗಿ 1900ರ ಆಗಸ್ಟಿನಲ್ಲಿ ರೈಲು ಓಡಲಾರಂಭಿಸಿದ ಹ್ಯಾವ್ಲಾಕ್ ಸೇತುವೆ ಅದು. ಆಗಿನ ಮದರಾಸಿನ ಗವರ್ನರರ ಹೆಸರು ಹೊತ್ತ, 56 ಅಂಕಣಗಳ, ಉದ್ದನೆಯ ಕಬ್ಬಿಣದ ಸಾಲು. 1997ರಲ್ಲಿ ಕಾಂಕ್ರೀಟಿನ ಕಮಾನು ಸೇತುವೆ ಬಂದ ಮೇಲೆ ಅದರ ಸೇವೆ ಮುಗಿಯಿತು. ಅಂದಿನಿಂದ ಅದು ನಿವೃತ್ತಿ ವೇತನವಿಲ್ಲದ ನಿವೃತ್ತರಂತೆ ನದಿಯ ನಡುವೆ ನಿಂತಿದೆ.

ಕಳೆದ ಸಲ ನಮ್ಮ ಬಳಗದ ಸಭೆಯಲ್ಲಿ ಇದರ ಪ್ರಸ್ತಾಪ ಬಂದಾಗ ಗೆಳೆಯರೊಬ್ಬರು, ಅದನ್ನು ಜನ ನಡೆದಾಡುವ ದಾರಿಯನ್ನಾಗಿ ಮಾಡುವ ಮಾತು ಆಗಾಗ ಪತ್ರಿಕೆಗಳಲ್ಲಿ ಬರುತ್ತದಲ್ಲ, ಅಂಥದ್ದು ಎಲ್ಲಾದರೂ ನಿಜವಾಗಿ ನಡೆದಿದೆಯೇ ಎಂದು ಕೇಳಿದರು. ನಡೆದಿದೆ ಎಂದೆವು. ಅಮೆರಿಕದ ಹಡ್ಸನ್ ನದಿಯ ಮೇಲೆ, ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿ ಎಂಬ ಊರಿನಲ್ಲಿ ನಡೆದಿದೆ. ಆದರೆ ಅದು ಹೇಗೆ ನಡೆಯಿತು ಎಂಬುದನ್ನು ಚಹಾ ಮುಗಿಯುವಷ್ಟರಲ್ಲಿ ಹೇಳಲಾಗುವಂತಿರಲಿಲ್ಲ. ಬರೆದು ಕೊಡುತ್ತೇವೆ ಎಂದು ಮಾತು ಕೊಟ್ಟೆವು. ಈ ಬರಹ ಆ ಮಾತಿನ ಬಾಕಿ.

ಮೊದಲಿಗೆ ಊರಿನ ಹೆಸರು. ಇಂಗ್ಲಿಷ್ ಸಾಹಿತ್ಯವನ್ನು ಓದಿಕೊಂಡವರೂ ಆ ಕಾಗುಣಿತದ ಎದುರು ಒಮ್ಮೆ ತಡವರಿಸದೆ ಇರಲಾರರು. ಬರೆಯುವುದೊಂದು, ನುಡಿಯುವುದೊಂದು. ಅದು ಇಂಗ್ಲಿಷಿನ ಹೆಸರೇ ಅಲ್ಲ. ಅಲ್ಲಿನ ಮೂಲನಿವಾಸಿಗಳಾದ ವಾಪಿಂಜರ್ ಜನರ ನುಡಿಯಲ್ಲಿ ಅದಕ್ಕೆ ಸಣ್ಣ ನೀರಿನ ತಾಣದ ಬಳಿಯ ಜೊಂಡು ಹೊದಿಸಿದ ಗುಡಿಸಲು ಎಂಬರ್ಥವಂತೆ. ಗುಡಿಸಲು ಹೋಯಿತು, ಆ ಜನರನ್ನೂ ಅಲ್ಲಿಂದ ಎಬ್ಬಿಸಲಾಯಿತು, ಹೆಸರು ಉಳಿಯಿತು. ನ್ಯೂಯಾರ್ಕ್ ನಗರಕ್ಕೂ ರಾಜಧಾನಿ ಆಲ್ಬನಿಗೂ ಹೆಚ್ಚುಕಡಿಮೆ ನಟ್ಟನಡುವೆ, ಹಡ್ಸನ್ನಿನ ಪೂರ್ವ ದಂಡೆಯ ಮೇಲೆ ಈ ಊರಿದೆ.

ಹಡ್ಸನ್ ಹೆಸರಿಗಷ್ಟೇ ನದಿ. ಸಮುದ್ರದ ಉಬ್ಬರವಿಳಿತ ಪೊಕಿಪ್ಸಿಯನ್ನೂ ದಾಟಿ ಉತ್ತರಕ್ಕೆ ಹೋಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಹಡಗುಗಳ ಹೆದ್ದಾರಿಯಾಗಿತ್ತು, ರೈಲುಗಳಿಗೆ ಮಾತ್ರ ಗೋಡೆಯಾಗಿತ್ತು. ಪಶ್ಚಿಮದಲ್ಲಿ ಪೆನ್ಸಿಲ್ವೇನಿಯಾದ ಕಲ್ಲಿದ್ದಲು, ಪೂರ್ವದಲ್ಲಿ ಆ ಕಲ್ಲಿದ್ದಲಿಗಾಗಿ ಬಾಯಿ ತೆರೆದು ಕೂತ ನ್ಯೂ ಇಂಗ್ಲೆಂಡಿನ ಗಿರಣಿಗಳು, ನಡುವೆ ಈ ನೀರು. ದಾಟಬೇಕೆಂದರೆ ಉತ್ತರದ ಆಲ್ಬನಿಯವರೆಗೆ ಸುತ್ತಬೇಕು, ಇಲ್ಲವೇ ದೋಣಿಗೆ ಏರಿಸಿ ಇಳಿಸಬೇಕು. ಪೊಕಿಪ್ಸಿಯಲ್ಲೇ ಸೇತುವೆ ಕಟ್ಟಿದರೆ ಊರಿನ ಭಾಗ್ಯ ತೆರೆಯುತ್ತದೆ ಎಂದು ಹೊರಟವರಲ್ಲಿ ಮುಂದಾಳು ಹಾರ್ವಿ ಈಸ್ಟ್‌ಮನ್. ಲೆಕ್ಕಪತ್ರ, ವ್ಯವಹಾರ ಕಲಿಸುವ ಒಂದು ಕಾಲೇಜನ್ನು ನಡೆಸುತ್ತಿದ್ದವರು, ಊರಿನ ಮೇಯರೂ ಆಗಿದ್ದವರು.

1871ರಲ್ಲಿ ಸೇತುವೆ ಕಂಪನಿಗೆ ಸನ್ನದು ಸಿಕ್ಕಿತು. ಆದರೆ ನದಿಯೊಳಗೆ ಒಂದೂ ಕಂಬ ನಿಲ್ಲಿಸಕೂಡದು ಎಂಬ ಷರತ್ತಿನೊಂದಿಗೆ. ಹಡಗಿನವರ ಹಿತ ಕಾಯಲು ಹಾಕಿದ ಷರತ್ತು. ಅಷ್ಟಗಲದ ನದಿಯನ್ನು ಒಂದೇ ನೆಗೆತಕ್ಕೆ ದಾಟುವ ಸೇತುವೆ ಅಂದು ಯಾರ ಕೈಗೂ ಎಟುಕುವಂತಿರಲಿಲ್ಲ. ಅನುಮತಿ ಕೊಟ್ಟಂತೆಯೂ ಆಗಬೇಕು, ಕೆಲಸ ಆಗದಂತೆಯೂ ಇರಬೇಕು ಎಂಬ ಕಲೆ ನಮ್ಮ ಕಚೇರಿಗಳದ್ದೇ ಆವಿಷ್ಕಾರವೆಂದು ನಾವು ತಿಳಿದಿದ್ದೆವು. ಮರುವರ್ಷ ತಿದ್ದುಪಡಿಯಾಗಿ ನಾಲ್ಕು ಕಂಬಗಳಿಗೆ ಒಪ್ಪಿಗೆ ದೊರೆಯಿತು. 1873ರ ಡಿಸೆಂಬರಿನಲ್ಲಿ ಮೂಲಶಿಲೆ ಇಟ್ಟರು. ಅದೇ ವರ್ಷದ ಸೆಪ್ಟೆಂಬರಿನಲ್ಲಿಯೇ ಅಮೆರಿಕದ ಬ್ಯಾಂಕುಗಳು ಒಂದರ ಮೇಲೊಂದು ಉರುಳಿ, ದೇಶದ ಹಣಕಾಸು ಕುಸಿದುಬಿದ್ದಿತ್ತು. ಕಲ್ಲು ಇಟ್ಟದ್ದಷ್ಟೇ ಬಂತು. 1876ರಲ್ಲಿ ಮತ್ತೊಂದು ಕಂಪನಿ ಗುತ್ತಿಗೆ ಹಿಡಿದು ಎರಡು ವರ್ಷ ಕೆಲಸ ಮಾಡಿ ಕೈಚೆಲ್ಲಿತು. 1878ರಲ್ಲಿ ಈಸ್ಟ್‌ಮನ್ ತೀರಿಕೊಂಡರು. ಅವರ ಕಣ್ಣಿಗೆ ಬಿದ್ದದ್ದು ಅರೆಬರೆ ಕಂಬಗಳು ಮಾತ್ರ.

ಕೆಲಸ ಮತ್ತೆ ಮೇಲೆದ್ದದ್ದು 1886ರಲ್ಲಿ. ಈ ಬಾರಿ ನಿಲ್ಲಲಿಲ್ಲ. ನದಿಯ ತಳದಲ್ಲಿ ಕೆಸರು ಮತ್ತು ಮರಳಿನ ದಪ್ಪ ಪದರವಿತ್ತು. ಅದನ್ನು ದಾಟಿ ಗಟ್ಟಿ ನೆಲ ಮುಟ್ಟಲು ನೀರಿನ ಮಟ್ಟದಿಂದ ನೂರಕ್ಕೂ ಹೆಚ್ಚು ಅಡಿ ಕೆಳಗಿಳಿಯಬೇಕಿತ್ತು. ಮನೆಯಷ್ಟು ದೊಡ್ಡ ಮರದ ಗೂಡುಗಳನ್ನು ಕಟ್ಟಿ ನದಿಯಲ್ಲಿ ತೇಲಿಸಿ ತಂದು, ಅವುಗಳ ಕೆಲವು ಕೋಣೆಗಳಲ್ಲಿ ಜಲ್ಲಿ ತುಂಬಿ ಭಾರದಿಂದ ಕೆಳಗಿಳಿಸುತ್ತ, ತಳವಿಲ್ಲದ ಉಳಿದ ಕೋಣೆಗಳ ಮೂಲಕ ದೊಡ್ಡ ಕಬ್ಬಿಣದ ಬಾಯಿಗಳನ್ನು ಇಳಿಬಿಟ್ಟು ಕೆಸರನ್ನು ತೋಡಿ ಮೇಲೆತ್ತಿದರು. ತೋಡಿದಷ್ಟೂ ಗೂಡು ಇಳಿಯಿತು. ಗಟ್ಟಿ ನೆಲ ಸಿಕ್ಕ ಮೇಲೆ ಆ ಕೋಣೆಗಳಿಗೆ ಕಾಂಕ್ರೀಟ್ ಸುರಿದು, ಅದರ ಮೇಲೆ ಕಲ್ಲಿನ ಕಂಬ ಎಬ್ಬಿಸಿದರು. ನಮ್ಮ ದೇಶದ ನದಿಗಳಲ್ಲಿ ಬಾವಿಯಂಥ ಬುನಾದಿಯನ್ನು ಒಳಗಿನಿಂದ ತೋಡುತ್ತ ಇಳಿಸುವ ಕ್ರಮವನ್ನು ಕಂಡವರಿಗೆ ಇದು ದೂರದ ನೆಂಟನೆಂದು ತೋರದೆ ಇರದು. ವ್ಯತ್ಯಾಸವೆಂದರೆ ನಮ್ಮಲ್ಲಿ ಇಟ್ಟಿಗೆ ಮತ್ತು ಕಲ್ಲು, ಅಲ್ಲಿ ಮರ. ಆ ಮರ ಇಂದಿಗೂ ಕೆಸರಿನಡಿಯಲ್ಲಿ ಭಾರ ಹೊತ್ತಿದೆ.

ಮೇಲಿನ ಉಕ್ಕಿನ ಕೆಲಸದಲ್ಲಿಯೂ ಆ ಕಾಲದ ಹೊಸ ವಿದ್ಯೆಯೊಂದನ್ನು ಬಳಸಿದರು. ಕಂಬದಿಂದ ಎರಡೂ ಕಡೆಗೆ ತೋಳು ಚಾಚಿದಂತೆ ಉಕ್ಕಿನ ಚೌಕಟ್ಟನ್ನು ಬೆಳೆಸುತ್ತ ಹೋಗಿ, ಎದುರಿನಿಂದ ಬರುವ ತೋಳಿಗೆ ನಡುನೀರಿನ ಮೇಲೆ ಕೂಡಿಸುವುದು. ಹೀಗೆ ಮಾಡಿದರೆ ಆಳದ ನೀರಿನಲ್ಲಿ ಎಲ್ಲ ಕಡೆಯೂ ಅಟ್ಟಣೆ ಕಟ್ಟಬೇಕಾಗಿಲ್ಲ, ಹಡಗಿನ ದಾರಿಯೂ ಪೂರ್ತಿ ಮುಚ್ಚುವುದಿಲ್ಲ. ಇದೇ ಬಗೆಯ ಸ್ಕಾಟ್ಲೆಂಡಿನ ಫೋರ್ತ್ ಸೇತುವೆ ಲೋಕವಿಖ್ಯಾತ. ಅದು ತೆರೆದದ್ದು 1890ರಲ್ಲಿ. ಪೊಕಿಪ್ಸಿಯ ಸೇತುವೆಯನ್ನು ಮೊದಲ ರೈಲು ದಾಟಿದ್ದು 1888ರ ಡಿಸೆಂಬರ್ ಕೊನೆಯಲ್ಲಿ. ಒಟ್ಟು ಉದ್ದ 6,768 ಅಡಿ, ಅಂದರೆ ಎರಡು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ನೀರಿನಿಂದ ಮೇಲಣ ದಾರಿಗೆ 212 ಅಡಿ. ಅಂದಿಗೆ ಅದು ಜಗತ್ತಿನ ಅತ್ಯಂತ ಉದ್ದದ ಸೇತುವೆ ಎಂದು ಹೆಸರಾಯಿತು.

ಆಮೇಲಿನ ಎಂಟು ದಶಕಗಳನ್ನು ಬೇಗ ದಾಟಿಬಿಡೋಣ. ಓಡುತ್ತಿರುವ ಸೇತುವೆಗೆ ಚರಿತ್ರೆ ಕಡಿಮೆ. ಇಂಜಿನುಗಳು ವರ್ಷದಿಂದ ವರ್ಷಕ್ಕೆ ತೂಕ ಏರಿಸಿಕೊಂಡಾಗ, 1906–07ರಲ್ಲಿ ರಾಲ್ಫ್ ಮೊಜೆಸ್ಕಿ ಎಂಬ ಎಂಜಿನಿಯರರು ಎರಡು ಉಕ್ಕಿನ ಚೌಕಟ್ಟುಗಳ ನಡುವೆ ಮೂರನೆಯದೊಂದನ್ನು ಸೇರಿಸಿ ಸೇತುವೆಯನ್ನು ಬಲಪಡಿಸಿದರು. ಪೋಲೆಂಡಿನಲ್ಲಿ ಹುಟ್ಟಿದ ಇವರ ತಾಯಿ ಹೆಲೆನಾ ಮೊಜೆಸ್ಕಾ ಶೇಕ್ಸ್‌ಪಿಯರ್ ನಾಟಕಗಳಲ್ಲಿ ಹೆಸರು ಮಾಡಿದ ನಟಿ. ತಾಯಿ ಲೇಡಿ ಮ್ಯಾಕ್‌ಬೆತ್, ಮಗ ಉಕ್ಕಿನ ತೊಲೆ. ಎಂ.ಎ. ಓದುವಾಗ ಇದನ್ನು ಯಾರಾದರೂ ಹೇಳಿದ್ದರೆ ನಮಗೆ ಶೇಕ್ಸ್‌ಪಿಯರೂ ಸೇತುವೆಗಳೂ ಇನ್ನಷ್ಟು ಹತ್ತಿರವಾಗುತ್ತಿದ್ದವು. ನಂತರ ಎರಡು ಹಳಿಗಳನ್ನು ಒಂದರ ಮೇಲೊಂದು ಹೆಣೆದಂತೆ ನಡುವಿಗೆ ತಂದು, ಒಮ್ಮೆಗೆ ಒಂದೇ ರೈಲು, ಅದೂ ಸೇತುವೆಯ ಮಧ್ಯದಲ್ಲಿಯೇ ಹೋಗುವಂತೆ ಮಾಡಿದರು. 1895ರಿಂದ 1949ರವರೆಗೆ ಬಹುತೇಕ ಪ್ರತಿ ವರ್ಷ ಕಾಲೇಜುಗಳ ನಡುವಿನ ದೋಣಿ ಪಂದ್ಯಗಳು ಈ ನೀರಿನಲ್ಲಿಯೇ ನಡೆಯುತ್ತಿದ್ದವು. ಪಂದ್ಯದ ಜೊತೆಜೊತೆಗೆ ದಂಡೆಯ ಮೇಲೆ ಪ್ರೇಕ್ಷಕರನ್ನು ಹೊತ್ತ ರೈಲೂ ಓಡುತ್ತಿತ್ತು. ಉಳಿದಂತೆ ಕಲ್ಲಿದ್ದಲು, ಧಾನ್ಯ, ಯುದ್ಧಕಾಲದ ಸರಕು. ಪಶ್ಚಿಮದ ಮೇಬ್ರೂಕ್ ಎಂಬಲ್ಲಿ ಹಲವು ಕಂಪನಿಗಳ ಬೋಗಿಗಳು ಕೂಡಿ, ಅಲ್ಲಿಂದ ನ್ಯೂ ಹೇವನ್ ರೈಲು ಕಂಪನಿ ಅವನ್ನು ಸೇತುವೆ ದಾಟಿಸಿ ಪೂರ್ವಕ್ಕೆ ಒಯ್ಯುತ್ತಿತ್ತು.

1950ರ ನಂತರ ಲಾರಿಗಳು ಬಂದವು, ಗಿರಣಿಗಳು ದಕ್ಷಿಣಕ್ಕೆ ಹೋದವು, ಮನೆಗಳಲ್ಲಿ ಕಲ್ಲಿದ್ದಲಿನ ಜಾಗಕ್ಕೆ ಎಣ್ಣೆ ಬಂತು. 1968ರಲ್ಲಿ ಎರಡು ದೊಡ್ಡ ರೈಲು ಕಂಪನಿಗಳು ಕೂಡಿ ಪೆನ್ ಸೆಂಟ್ರಲ್ ಆಯಿತು, ಆ ವರ್ಷದ ಕೊನೆಯ ದಿನ ನ್ಯೂ ಹೇವನ್ ಕೂಡ ಅದರ ಹೊಟ್ಟೆ ಸೇರಿತು. ಹೊಸ ಒಡೆಯರಿಗೆ ಆಲ್ಬನಿಯ ಬಳಿ ಸೆಲ್ಕರ್ಕಿನಲ್ಲಿ ತಮ್ಮದೇ ಆದ ನದಿ ದಾಟುವ ದಾರಿಯಿತ್ತು. ಪೊಕಿಪ್ಸಿಯದು ಅವರಿಗೆ ಬೇಡದ ಆಸ್ತಿ. 1970ರಲ್ಲಿ ಕಂಪನಿ ದಿವಾಳಿಯೂ ಆಯಿತು. ದಿವಾಳಿಯಾದವರ ಮನೆಯಲ್ಲಿ ಬೇಡದ ಕೋಣೆಯ ಸೂರು ಸೋರಿದರೆ ಯಾರು ಹಂಚು ಹೊದಿಸುತ್ತಾರೆ?

1974ರ ಮೇ 8ರಂದು ಒಂದು ಸರಕು ರೈಲು ದಾಟಿಹೋಯಿತು. ಅದರ ಬ್ರೇಕಿನ ಕಿಡಿ ಮರದ ಹಾಸುಗಳಿಗೆ ತಗುಲಿತೆಂದು ಬಹುಮಟ್ಟಿಗೆ ನಂಬಲಾಗಿದೆ. ಬೆಂಕಿ ನಂದಿಸಲೆಂದು ಸೇತುವೆಯ ಉದ್ದಕ್ಕೂ ನೀರಿನ ಕೊಳವೆ ಇತ್ತು. ಅಂದು ಅದರಲ್ಲಿ ನೀರು ಬರುವ ಸ್ಥಿತಿಯಿರಲಿಲ್ಲ. ಅಷ್ಟೆತ್ತರಕ್ಕೆ ಅಗ್ನಿಶಾಮಕ ದಳದವರು ತಮ್ಮ ಕೊಳವೆಗಳನ್ನು ಎಳೆದೊಯ್ಯಬೇಕಾಯಿತು. ಸುಮಾರು 700 ಅಡಿ ಉದ್ದದ ಹಾಸು ಸುಟ್ಟುಹೋಯಿತು. ಉಕ್ಕು ನಿಂತೇ ಇತ್ತು. ಒಂದು ದೊಡ್ಡ ಸೇತುವೆಯ ಲೆಕ್ಕದಲ್ಲಿ ಇದು ಸರಿಪಡಿಸಲಾಗದ ಹಾನಿಯಲ್ಲ. ಆದರೆ ಸರಿಪಡಿಸುವ ಇಚ್ಛೆ ಇದ್ದವರಿಗೆ ಅಧಿಕಾರವಿರಲಿಲ್ಲ, ಅಧಿಕಾರವಿದ್ದವರಿಗೆ ಇಚ್ಛೆಯಿರಲಿಲ್ಲ. ಆ ರೈಲೇ ಕೊನೆಯ ರೈಲಾಯಿತು.

ಈ ಚರಿತ್ರೆಯಲ್ಲಿ ನಮ್ಮನ್ನು ಅತಿಯಾಗಿ ಹಿಡಿದದ್ದು ಇದರ ಮುಂದಿನ ಕಾಲು ಶತಮಾನ. ಕಟ್ಟಿದ ಕಥೆಯನ್ನು ಎಂಜಿನಿಯರುಗಳು ಬರೆಯುತ್ತಾರೆ, ಉದ್ಘಾಟನೆಯ ಕಥೆಯನ್ನು ಪತ್ರಿಕೆಗಳು ಬರೆಯುತ್ತವೆ. ನಡುವಿನ ಕಥೆ ಕಡತಗಳಲ್ಲಿರುತ್ತದೆ. ಕಡತಗಳ ನಡುವೆಯೇ ಹೊಟ್ಟೆ ಹೊರೆಯುವ ನಮಗೆ ಅದರ ಭಾಷೆ ಪರಿಚಿತ.

ಪೆನ್ ಸೆಂಟ್ರಲ್ಲಿನ ಆಸ್ತಿಯನ್ನು 1976ರಲ್ಲಿ ಕೇಂದ್ರ ಸರ್ಕಾರ ಹುಟ್ಟುಹಾಕಿದ ಕಾನ್‌ರೈಲ್ ಸಂಸ್ಥೆ ವಹಿಸಿಕೊಂಡಿತು. ರೈಲು ಓಡದ ಸೇತುವೆ ಅದಕ್ಕೂ ಬೇಡ. ಕೆಡವೋಣವೆಂದರೆ ಅಪಾರ ಖರ್ಚು. ಕೆಳಗೆ ನದಿಯೊಂದೇ ಅಲ್ಲ, ಎರಡೂ ದಂಡೆಗಳಲ್ಲಿ ಓಡುವ ರೈಲು ಹಳಿಗಳಿವೆ, ರಸ್ತೆಗಳಿವೆ, ಪೊಕಿಪ್ಸಿಯ ಕಡೆ ಸೇತುವೆಯ ನೆರಳು ಬೀಳುವಲ್ಲಿಯೇ ಸಂಸಾರವಂದಿಗರ ಮನೆಗಳಿವೆ. 1984ರಲ್ಲಿ ಕಾನ್‌ರೈಲ್ ಈ ಸೇತುವೆಯನ್ನು ಪೆನ್ಸಿಲ್ವೇನಿಯಾದ ಖಾಸಗಿ ವ್ಯಕ್ತಿಯೊಬ್ಬರಿಗೆ ಮಾರಿತು. ಬೆಲೆ ಒಂದು ಡಾಲರು.

ಒಂದು ಕಾಲಕ್ಕೆ ಜಗತ್ತಿನಲ್ಲೇ ಉದ್ದವೆನಿಸಿದ ಸೇತುವೆಗೆ ಒಂದು ಡಾಲರು ಎಂಬುದನ್ನು ಓದಿ ನಾವು ಮೊದಲು ನಕ್ಕೆವು. ಆಮೇಲೆ ನಗು ಬರಲಿಲ್ಲ. ಅಲ್ಲಿ ಮಾರಾಟವಾದದ್ದು ಸೇತುವೆಯಲ್ಲ, ಹೊಣೆ. ಆನೆಯನ್ನು ಅಗ್ಗಕ್ಕೆ ಕೊಂಡರೂ ಮೇವಿನ ಲೆಕ್ಕ ಅಗ್ಗವಾಗುವುದಿಲ್ಲ. ಸೇತುವೆಗೆ ವಿಮೆ ಬೇಕು, ಆಸ್ತಿ ತೆರಿಗೆ ಕಟ್ಟಬೇಕು, ಎಲ್ಲಕ್ಕಿಂತ ಮಿಗಿಲಾಗಿ ರಾತ್ರಿಯ ಹೊತ್ತು ಹಡಗುಗಳಿಗೆ ಕಂಬಗಳು ಕಾಣುವಂತೆ ದೀಪ ಉರಿಸಬೇಕು. ದೀಪಗಳು ಆರಿದವು. ಕರಾವಳಿ ಕಾವಲು ದಳ ದಂಡ ಹಾಕಿತು. ತೆರಿಗೆ ಬಾಕಿ ಬೆಳೆಯಿತು. 1990ರಲ್ಲಿ ಸೇತುವೆ ಇನ್ನೊಬ್ಬರ ಹೆಸರಿಗೆ ಹೋಯಿತು. ಅಲ್ಲಿಯೂ ಅದೇ ಕಥೆ. ಕಾಗದದ ಮೇಲೆ ಒಡೆಯರಿದ್ದಾರೆ, ನದಿಯ ಮೇಲೆ ದೀಪವಿಲ್ಲ.

ನಾವು ಹಿಂದೆ ಕೆಲಸ ಮಾಡಿದ ಕಚೇರಿಯೊಂದರ ಹಿತ್ತಲಿನಲ್ಲಿ ಹಳೆಯ ಕಲ್ಲಿನ ದಾಸ್ತಾನು ಕಟ್ಟಡವಿತ್ತು. ನಮ್ಮ ಇಲಾಖೆಗೆ ಅದರ ಅಗತ್ಯವಿರಲಿಲ್ಲ, ಬೇಕೆಂದ ಇನ್ನೊಂದು ಇಲಾಖೆಗೆ ಅದು ಇನ್ನೂ ಹಸ್ತಾಂತರವಾಗಿರಲಿಲ್ಲ. ಸೂರಿನ ದುರಸ್ತಿಗೆ ನಾವು ಬರೆದರೆ, ಹಸ್ತಾಂತರವಾಗಲಿರುವ ಕಟ್ಟಡಕ್ಕೆ ಖರ್ಚೇಕೆ ಎಂಬ ಟಿಪ್ಪಣಿ. ಅವರು ಬರೆದರೆ, ತಮ್ಮದಾಗದ ಕಟ್ಟಡಕ್ಕೆ ಖರ್ಚು ಹೇಗೆ ಎಂಬ ಟಿಪ್ಪಣಿ. ಎರಡೂ ಟಿಪ್ಪಣಿಗಳು ನಿಯಮದ ಪ್ರಕಾರ ಸರಿಯಾಗಿಯೇ ಇದ್ದವು. ಆರನೆಯ ಮಳೆಗಾಲದಲ್ಲಿ ಸೂರು ಕುಸಿಯಿತು. ಹಸ್ತಾಂತರದ ಪತ್ರ ಅದರ ಮರುವರ್ಷ ಬಂತು. ಆ ಕಡತದಲ್ಲಿ ನಮ್ಮ ಸಹಿಯೂ ಇದೆ ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಪೊಕಿಪ್ಸಿಯಲ್ಲಿ ಹಾಗಾಗದಂತೆ ತಡೆದವರು ಅಧಿಕಾರದಲ್ಲಿದ್ದವರಲ್ಲ. ಬಿಲ್ ಸೆಪೆ ಎಂಬ ಸ್ಥಳೀಯರು 1992ರಲ್ಲಿ ಕೆಲವರನ್ನು ಕೂಡಿಸಿ ಒಂದು ಲಾಭರಹಿತ ಸಂಸ್ಥೆ ಕಟ್ಟಿದರು. ಹಡ್ಸನ್ ಮೇಲಣ ನಡಿಗೆದಾರಿ ಎಂಬುದೇ ಅದರ ಹೆಸರಿನ ಅರ್ಥ. ಕೆಡವಬೇಕಾದ ತುಕ್ಕಿನ ರಾಶಿಯೆಂದು ಊರು ಕಂಡಿದ್ದನ್ನು ನಡೆಯಬಹುದಾದ ದಾರಿಯೆಂದು ಮೊದಲು ಹೇಳಿದವರಲ್ಲಿ ಅವರು ಪ್ರಮುಖರು. 1998ರಲ್ಲಿ ಸೇತುವೆಯ ಒಡೆತನ ಆ ಸಂಸ್ಥೆಗೆ ಬಂತು. ನಂಬಿಕೆಯಿಂದ ಹಿಡಿದ ಆಸ್ತಿ, ಖಜಾನೆಯಲ್ಲಿ ಹೆಚ್ಚೇನೂ ಇಲ್ಲ.

ಸೆಪೆ ಅವರ ದಾರಿ ಹನಿ ಹನಿಗೂಡಿ ಹಳ್ಳವಾಗುವ ದಾರಿ. ಸರ್ಕಾರದ ದೊಡ್ಡ ಹಣ ಬೇಡ, ಗುತ್ತಿಗೆದಾರರು ಬೇಡ, ಸ್ವಯಂಸೇವಕರು ಬಿಡುವಿನ ದಿನಗಳಲ್ಲಿ ಬಂದು ಹಲಗೆ ಹಲಗೆಯಾಗಿ ಹಾಸುತ್ತ ಹೋಗಲಿ, ಎಷ್ಟು ವರ್ಷವಾದರೂ ಆಗಲಿ. ಊರಿನ ಸೇತುವೆಯನ್ನು ಊರಿನವರ ಕೈಗಳೇ ಉಳಿಸಬೇಕು ಎಂಬ ಹಂಬಲ ಅದರಲ್ಲಿತ್ತು. ನಮಗೆ ಆ ಹಂಬಲದ ಬಗ್ಗೆ ಗೌರವವಿದೆ. ಹೊರನಾಡಿನಲ್ಲಿ ಕನ್ನಡ ಸಂಘ ನಡೆಸುವವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುರ್ಚಿ ಹಾಕುವವರೂ ನಾವೇ, ನಾಟಕ ಆಡುವವರೂ ನಾವೇ, ಕಸ ಗುಡಿಸುವವರೂ ನಾವೇ. ಆದರೆ ನೆಲದಿಂದ ಇಪ್ಪತ್ತು ಅಂತಸ್ತು ಎತ್ತರದಲ್ಲಿ, ಎರಡು ಕಿಲೋಮೀಟರು ಉದ್ದಕ್ಕೆ, ಗಾಲಿಕುರ್ಚಿಯವರಿಗೂ ಮಗುವಿನ ಗಾಡಿಗೂ ಭದ್ರವಾದ ದಾರಿಯನ್ನು ಹಲಗೆ ಲೆಕ್ಕದಲ್ಲಿ ಮುಗಿಸಲಾದೀತೇ? ಸಂಸ್ಥೆಯೊಳಗೇ ಈ ಪ್ರಶ್ನೆ ಎದ್ದಿತು. 2004ರಲ್ಲಿ ಮುಂದಾಳತ್ವ ಸೆಪೆ ಅವರಿಂದ ಫ್ರೆಡ್ ಶೇಫರ್ ಎಂಬ ವಕೀಲರಿಗೆ ಹೋಯಿತು. ಕನಸು ಕಂಡವರನ್ನು ಬಿಟ್ಟು ಕನಸು ಮುಂದೆ ಹೋಯಿತು. ಈ ಘಟ್ಟವನ್ನು ಸಂಭ್ರಮದ ಬರಹಗಳು ಒಂದು ವಾಕ್ಯದಲ್ಲಿ ದಾಟಿಬಿಡುತ್ತವೆ. ಯಾರು ಸರಿ ಎಂದು ನಮ್ಮನ್ನು ಕೇಳಿದರೆ, ಶೇಫರ್ ಅವರ ದಾರಿಯಿಲ್ಲದೆ ಸೇತುವೆ ತೆರೆಯುತ್ತಿರಲಿಲ್ಲ, ಸೆಪೆ ಅವರ ಹಠವಿಲ್ಲದೆ ತೆರೆಯಲು ಸೇತುವೆಯೇ ಉಳಿದಿರುತ್ತಿತ್ತೋ ಇಲ್ಲವೋ ಎಂದೇ ಹೇಳಬೇಕಾಗುತ್ತದೆ.

ಹೊಸ ಆಡಳಿತ ಮೊದಲು ಹುಡುಕಿದ್ದು ಹಣವನ್ನಲ್ಲ, ಉತ್ತರವನ್ನು. ಉಕ್ಕು ಗಟ್ಟಿಯಾಗಿದೆಯೇ? ನೀರಿನೊಳಗಿನ ಕಂಬ ಹೇಗಿದೆ? ಅಲ್ಲಿನ ಡೈಸನ್ ಪ್ರತಿಷ್ಠಾನ ಬೆಂಬಲಕ್ಕೆ ನಿಂತಿತು, ಎಂಜಿನಿಯರುಗಳು ಸೇತುವೆಯನ್ನು ತಪಾಸಣೆ ಮಾಡಿದರು. ಭಾರಿ ಸರಕು ರೈಲುಗಳಿಗಾಗಿ ಕಟ್ಟಿ, ಮೊಜೆಸ್ಕಿಯವರ ಕೈಯಲ್ಲಿ ಇನ್ನಷ್ಟು ಬಲ ಪಡೆದಿದ್ದ ರಚನೆ ಅದು. ಅಷ್ಟು ವರ್ಷ ಬಣ್ಣ ಕಾಣದಿದ್ದರೂ ಮನುಷ್ಯರ ಭಾರ ಅದಕ್ಕೊಂದು ಭಾರವೇ ಆಗಿರಲಿಲ್ಲ.

ಆಮೇಲೆ ತಾರೀಖು ಕೆಲಸ ಮಾಡಿತು. 1609ರಲ್ಲಿ ಹೆನ್ರಿ ಹಡ್ಸನ್ ಹಾಫ್ ಮೂನ್ ಎಂಬ ಹಡಗಿನಲ್ಲಿ ಈ ನದಿಯನ್ನು ಏರಿ ಬಂದದ್ದು. ಅದರ ನಾನೂರನೆಯ ವರ್ಷ 2009. ರಾಜ್ಯವೆಲ್ಲ ಉತ್ಸವಕ್ಕೆ ಸಜ್ಜಾಗುತ್ತಿತ್ತು, ಉತ್ಸವಕ್ಕೊಂದು ಕಿರೀಟ ಬೇಕಿತ್ತು. ಸರ್ಕಾರಿ ನೌಕರಿಯಲ್ಲಿರುವವರಿಗೆ ಇದರ ಮರ್ಮ ಗೊತ್ತು. ಹನ್ನೊಂದು ತಿಂಗಳು ಅಲುಗಾಡದ ಮಂಜೂರಾತಿ ಮಾರ್ಚ್ ಕೊನೆಯ ವಾರದಲ್ಲಿ ಓಡೋಡಿ ಬರುತ್ತದೆ. ಹತ್ತಾರು ವರ್ಷ ಯಾರಿಗೂ ಬೇಡವಾಗಿದ್ದ ಸೇತುವೆಗೆ ರಾಜ್ಯದ ಹಣ, ಕೇಂದ್ರದ ಹಣ, ಖಾಸಗಿ ದೇಣಿಗೆ ಎಲ್ಲ ಕೂಡಿ ಬಂದವು. ಒಟ್ಟು ಖರ್ಚು ಸುಮಾರು 3.88 ಕೋಟಿ ಡಾಲರು. 2008ರಲ್ಲಿ ಕೆಲಸ ಆರಂಭ. ಸುಟ್ಟ ಮತ್ತು ಕೊಳೆತ ಹಾಸುಗಳನ್ನು ತೆಗೆದು, ಉಕ್ಕನ್ನು ಅಲ್ಲಲ್ಲಿ ದುರಸ್ತಿ ಮಾಡಿ, ಮೊದಲೇ ಎರಕ ಹೊಯ್ದಿದ್ದ ಕಾಂಕ್ರೀಟಿನ ಚಪ್ಪಡಿಗಳನ್ನು ಒಂದರ ಪಕ್ಕ ಒಂದು ಕೂರಿಸುತ್ತ ಹೋದರು. 2009ರ ಅಕ್ಟೋಬರ್ 3ರಂದು ಜನ ನಡೆದರು. ಜಗತ್ತಿನ ಅತಿ ಉದ್ದದ ಎತ್ತರಿಸಿದ ಪಾದಚಾರಿ ಸೇತುವೆ ಎಂಬ ಹೊಸ ಬಿರುದು ಬಂತು. ಒಂದೇ ಸೇತುವೆ ಎರಡು ಶತಮಾನಗಳಲ್ಲಿ ಎರಡು ಬೇರೆ ಕಾರಣಗಳಿಗೆ ಜಗತ್ತಿನ ಉದ್ದದ್ದೆನಿಸಿತು.

ಆ ಕಣಿವೆಯಲ್ಲಿ, ಪೊಕಿಪ್ಸಿಯಿಂದ ಉತ್ತರಕ್ಕೆ ಕ್ಯಾಟ್‌ಸ್ಕಿಲ್ ಬೆಟ್ಟಗಳಿವೆ. ವಾಷಿಂಗ್ಟನ್ ಇರ್ವಿಂಗ್ ತನ್ನ ರಿಪ್ ವ್ಯಾನ್ ವಿಂಕಲ್‌ನನ್ನು ಮಲಗಿಸಿದ್ದು ಅಲ್ಲಿಯೇ. ಇಪ್ಪತ್ತು ವರ್ಷ ಮಲಗಿ ಎದ್ದು ಊರಿಗೆ ಬಂದ ರಿಪ್‌ನನ್ನು ಯಾರೂ ಗುರುತಿಸಲಿಲ್ಲ. ಸೇತುವೆ ಮಲಗಿದ್ದು ಮೂವತ್ತೈದು ವರ್ಷ. ಎದ್ದಾಗ ಗುರುತಿಸಿದರು, ಆದರೆ ಅದು ಮಾಡುತ್ತಿದ್ದ ಕೆಲಸವನ್ನು ಮತ್ತೆ ಕೊಡಲಿಲ್ಲ. ಈ ಮಾತನ್ನು ಹೇಳಲೇಬೇಕು. ನ್ಯೂ ಇಂಗ್ಲೆಂಡಿಗೆ ಪಶ್ಚಿಮದಿಂದಲೂ ದಕ್ಷಿಣದಿಂದಲೂ ಹೋಗುವ ಸರಕು ರೈಲು ಇಂದಿಗೂ ಉತ್ತರದ ಸೆಲ್ಕರ್ಕಿನವರೆಗೆ ಸುತ್ತಿಕೊಂಡೇ ಹಡ್ಸನ್ ದಾಟಬೇಕು. ಎರಡೂ ಕಡೆಯ ಹಳೆಯ ರೈಲುದಾರಿಗಳೂ ಈಗ ನಡಿಗೆಯ, ಸೈಕಲ್ಲಿನ ದಾರಿಗಳಾಗಿ ಸೇತುವೆಗೆ ಕೂಡಿಕೊಂಡಿವೆ. ಸುಂದರವಾಗಿವೆ. ಆದರೆ ಆ ಸೌಂದರ್ಯದ ಕೆಳಗೆ ಒಂದು ಸೋಲೂ ಇದೆ. ಅದನ್ನು ಕಾಣದೆ ಪಾದಚಾರಿ ಸೇತುವೆಗಳನ್ನು ಬರಿಯ ಉತ್ಸವವೆಂದು ಬಗೆಯುವುದು ನಮ್ಮಿಂದಾಗದು.

ಹಾಗೆಂದು ಊರಿಗೆ ಆದ ಲಾಭ ಸುಳ್ಳಲ್ಲ. ದೊಡ್ಡ ಕಂಪ್ಯೂಟರ್ ಕಂಪನಿಯೊಂದನ್ನು ನೆಚ್ಚಿಕೊಂಡಿದ್ದ ಆ ಸೀಮೆ 1990ರ ದಶಕದಲ್ಲಿ ಸಾವಿರಾರು ಕೆಲಸಗಳನ್ನು ಕಳೆದುಕೊಂಡಿತ್ತು. ಈಗ ವರ್ಷಕ್ಕೆ ಸುಮಾರು ಐದು ಲಕ್ಷ ಜನ ಸೇತುವೆಗೆ ಬರುತ್ತಾರೆ. 2014ರಲ್ಲಿ ಪೊಕಿಪ್ಸಿಯ ನದೀತೀರದಿಂದ ಮೇಲಕ್ಕೆ ಲಿಫ್ಟ್ ಬಂತು. ರೈಲಿನಲ್ಲಿ ಬಂದು ಇಳಿದವರು ನಿಲ್ದಾಣದಿಂದ ಸ್ವಲ್ಪ ನಡೆದು, ನೇರ ಮೇಲೇರಿ ನದಿಯ ಮೇಲೆ ನಿಲ್ಲಬಹುದು. ದಕ್ಷಿಣದಲ್ಲಿ ಕಾಣುವ ರಸ್ತೆ ಸೇತುವೆ 1930ರದು, ಅದನ್ನು ರೂಪಿಸಿದವರೂ ಅದೇ ಮೊಜೆಸ್ಕಿ. ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಮರಳುವ ಸುತ್ತುನಡಿಗೆ ಅಲ್ಲಿ ಜನಪ್ರಿಯ.

ನಮಗೆ ಇವೆಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಉದ್ಘಾಟನೆಯ ನಂತರದ ಒಂದು ಏರ್ಪಾಡು. ಸೇತುವೆಯ ರಚನೆಯನ್ನು ಸುಸ್ಥಿತಿಯಲ್ಲಿಡುವ ಹೊಣೆ ರಾಜ್ಯದ ಸೇತುವೆ ಪ್ರಾಧಿಕಾರಕ್ಕೆ ಹೋಯಿತು. ಹಡ್ಸನ್ನಿನ ಹಲವು ರಸ್ತೆ ಸೇತುವೆಗಳನ್ನು ಸುಂಕ ಎತ್ತಿ ನೋಡಿಕೊಳ್ಳುವ ಸಂಸ್ಥೆಯದು, ತುಕ್ಕಿನ ಭಾಷೆ ಬಲ್ಲದ್ದು. ಮೇಲಿನ ಉದ್ಯಾನವನ್ನು ನಡೆಸುವುದು ರಾಜ್ಯದ ಉದ್ಯಾನ ಇಲಾಖೆ. ಆ ಹಳೆಯ ಸ್ವಯಂಸೇವಾ ಸಂಸ್ಥೆ ದೇಣಿಗೆ, ಕಾರ್ಯಕ್ರಮ, ಬಂದವರಿಗೆ ವಿವರಣೆ ಇವುಗಳನ್ನು ನೋಡಿಕೊಳ್ಳುತ್ತದೆ. ಪತ್ರಿಕೆಗಳಿಗೆ ಇದು ಸುದ್ದಿಯಲ್ಲ. ಆದರೆ 1974ರಲ್ಲಿ ನೀರಿಲ್ಲದ ಕೊಳವೆಯ ಬಳಿ, 1984ರ ನಂತರ ಆರಿದ ದೀಪಗಳ ಬಳಿ ಇಲ್ಲದಿದ್ದದ್ದು ಇದೇ.

ಇನ್ನು ಗೋದಾವರಿಗೆ ಮರಳಿದರೆ, 2025ರ ಜೂನಿನಲ್ಲಿ ರಾಜಮಹೇಂದ್ರವರದಲ್ಲಿ ಅಖಂಡ ಗೋದಾವರಿ ಎಂಬ ಪ್ರವಾಸೋದ್ಯಮ ಯೋಜನೆಗೆ ಶಂಕುಸ್ಥಾಪನೆಯಾಯಿತು. ಯೋಜನೆಯ ಮೊತ್ತ 94.44 ಕೋಟಿ ರೂಪಾಯಿ. ಹ್ಯಾವ್ಲಾಕ್ ಸೇತುವೆಯ ನವೀಕರಣ ಅದರೊಂದು ಭಾಗ. ಎದುರಿಗೆ ತಾರೀಖೂ ಇದೆ. ಹನ್ನೆರಡು ವರ್ಷಕ್ಕೊಮ್ಮೆ ಬರುವ ಗೋದಾವರಿ ಪುಷ್ಕರ 2015ರ ನಂತರ 2027ರಲ್ಲಿ ಬರಬೇಕು. ಹಡ್ಸನ್ನಿಗೆ ನಾನೂರನೆಯ ವರ್ಷ ಹೇಗೋ ಇಲ್ಲಿ ಪುಷ್ಕರ ಹಾಗೆ. ಸಭೆಯಲ್ಲಿ ಪ್ರಶ್ನೆ ಕೇಳಿದ ಗೆಳೆಯರಿಗೆ ನಾವು ಮರುಪ್ರಶ್ನೆ ಕೇಳಬೇಕೆಂದಿದ್ದೇವೆ. ಪುಷ್ಕರದ ಹನ್ನೆರಡು ದಿನ ಮುಗಿದ ಮೇಲೆ, ಹದಿಮೂರನೆಯ ದಿನದಿಂದ ಆ 56 ಅಂಕಣಗಳ ಬೋಲ್ಟುಗಳನ್ನು ಬಿಗಿದು ನೋಡುವುದು ಯಾರ ದಿನಚರಿಯಲ್ಲಿರುತ್ತದೆ? ರೈಲ್ವೆಯದೇ, ರಾಜ್ಯದ ಪ್ರವಾಸೋದ್ಯಮದ್ದೇ, ನಗರಪಾಲಿಕೆಯದೇ? ಅವರು ಪತ್ರಿಕೆಯ ಕತ್ತರಿಕೆಗಳನ್ನು ಕೂಡಿಡುವವರು. ಉತ್ತರ ಕಂಡರೆ ಕಳಿಸುತ್ತಾರೆ ಎಂದು ನಂಬಿದ್ದೇವೆ.

ಈ ಬರಹವನ್ನು ಮುಗಿಸುವ ಮೊದಲು ಇನ್ನೊಮ್ಮೆ ವಿಶಾಖಪಟ್ಟಣಕ್ಕೆ ಹೋಗಿಬರುವ ಕೆಲಸ ಬಂತು. ರಾತ್ರಿಯ ರೈಲು. ನದಿ ಬರುವ ಹೊತ್ತಿಗೆ ಎಚ್ಚರವಾಗಿಯೇ ಇದ್ದೆವು. ಎದುರಿನ ಬರ್ತಿನ ತಾಯಿಯೊಬ್ಬರು ಮಗುವನ್ನು ಎಬ್ಬಿಸಿ, ಅದರ ಕೈಯಿಂದಲೇ ಒಂದು ರೂಪಾಯಿಯ ನಾಣ್ಯವನ್ನು ಹೊರಗೆ ಹಾಕಿಸಿದರು. ನಾವು ಗಾಜಿಗೆ ಹಣೆ ಒತ್ತಿ ಹಳೆಯ ಸೇತುವೆಯ ಕಡೆ ದೀಪವೇನಾದರೂ ಕಾಣುತ್ತದೆಯೇ ಎಂದು ನೋಡಿದೆವು. ಗಾಜಿನಲ್ಲಿ ನಮ್ಮ ಡಬ್ಬಿಯ ದೀಪವೇ ಕಂಡಿತು. ಅಷ್ಟರಲ್ಲಿ ರಾಜಮಂಡ್ರಿ ನಿಲ್ದಾಣ ಬಂತು, ಚಹಾದವನು ಹತ್ತಿದ.